ನೆರೆಯವನ ಹೊರೆ, ನಾಡಿನ ಏಳಿಗೆ



ನಮ್ಮ ಧರ್ಮಕೇಂದ್ರವು ನೂರು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ, ಏಷ್ಯಾ ಖಂಡದಲ್ಲೇ ಅತಿ ಹೆಚ್ಚು ಕಥೋಲಿಕರಿರುವ ಫಿಲಿಪೈನ್ಸ್ ದೇಶದತ್ತ ನಾವು ದೃಷ್ಟಿ ಹರಿಸೋಣ.

ಅಲ್ಲಿಯ ಹಳ್ಳಿಗಳಲ್ಲಿ 'ಬಯಾನಿಹಾನ್' ಎಂಬ ಸಂಪ್ರದಾಯವಿತ್ತು. ಒಂದು ಸಂಸಾರವು ನೆಲೆ ಬದಲಿಸುವಾಗ ನೆರೆಹೊರೆಯವರು ಬಿದಿರಿನ ಗಳುಗಳನ್ನು ತೂರಿಸಿ, ಇಡೀ ಮನೆಯನ್ನೇ ಹೆಗಲ ಮೇಲೆ ಹೊತ್ತೊಯ್ಯುತ್ತಿದ್ದರು. ಅದಕ್ಕೆ ಕೂಲಿಯಿರಲಿಲ್ಲ.

ಅವರ ಇನ್ನೊಂದು ಮೌಲ್ಯ 'ಉತಾಂಗ್ ನ ಲೋಓಬ್', ಅಂದರೆ ಉಪಕಾರದ ಋಣ. ಕೃತಜ್ಞತೆ ಸದ್ಗುಣವೇ ಸರಿ. ಆದರೆ ಔಷಧಿಯ ಖರ್ಚನ್ನೋ ನೌಕರಿಯನ್ನೋ ಕೊಟ್ಟ ಪ್ರಬಲನಿಗೆ ಮತ ನೀಡಿ ಋಣ ತೀರಿಸಹೊರಟಾಗ, ಅಧಿಕಾರವು ಕೆಲವೇ ಮನೆತನಗಳ ಸೊತ್ತಾಗುತ್ತದೆ. ರಾಜಕೀಯ ವಂಶಾಡಳಿತವನ್ನು ಕಾನೂನಿನ ಮೂಲಕ ನಿಷೇಧಿಸಬೇಕೆಂದು 1987ರ ಸಂವಿಧಾನವು ವಿಧಿಸಿತು. ಆ ಕಾನೂನನ್ನು ರಚಿಸಬೇಕಾದ ಸಭೆಯಲ್ಲಿ ಅಂಥ ಮನೆತನಗಳವರೇ ಕುಳಿತಿದ್ದರಿಂದ ದಶಕಗಳು ವ್ಯರ್ಥವಾಗಿ ಉರುಳಿದವು.

ಆದರೂ ಅದೇ ಜನತೆ 1986ರ ಫೆಬ್ರವರಿಯಲ್ಲಿ ಜಗತ್ತನ್ನು ಬೆರಗುಗೊಳಿಸಿತು. ಕಾರ್ಡಿನಲ್ ಹೈಮೆ ಸಿನ್ ಅವರು ರೇಡಿಯೋ ವೆರಿತಾಸ್ ಮೂಲಕ ನೀಡಿದ ಕರೆಗೆ ಓಗೊಟ್ಟು ಲಕ್ಷಾಂತರ ಜನರು ಮನಿಲಾದ ಎಡ್ಸಾ ಹೆದ್ದಾರಿಯಲ್ಲಿ ನೆರೆದರು. ಜಪಸರ ಹಿಡಿದ ಧರ್ಮಭಗಿನಿಯರು ಟ್ಯಾಂಕುಗಳೆದುರು ಮೊಣಕಾಲೂರಿದರು. ನಾಲ್ಕೇ ದಿನಗಳಲ್ಲಿ ಮಾರ್ಕೋಸ್ ದೇಶ ಬಿಟ್ಟರು.

ನಾಲ್ಕು ದಿನಗಳ ಧೈರ್ಯದಿಂದ ಸರ್ವಾಧಿಕಾರವನ್ನು ಉರುಳಿಸಬಹುದು. ನಾಡನ್ನು ಕಟ್ಟಲು ನಿತ್ಯದ ನಡತೆಯೇ ಬೇಕು. ಪ್ರಭುವಿನ ಸಾಮತಿಯಲ್ಲಿ ಸಮಾರಿಯದವನು ನೆರವಾದದ್ದು ಬಂಧುವಿಗಲ್ಲ, ಅಪರಿಚಿತನಿಗೆ. ಮನೆಯವರಿಗೆ ಸಲ್ಲಿಸುವ ನಿಷ್ಠೆಯನ್ನು ಮುಖಪರಿಚಯವಿಲ್ಲದ ಸಹನಾಗರಿಕನಿಗೂ ಸಲ್ಲಿಸಲು ನಾವು ಕಲಿತಂದೇ ನಾಡಿನ ಏಳಿಗೆ.

ಪ್ರಭು ನಮ್ಮೆಲ್ಲರನ್ನೂ ಹರಸಲಿ.