ಮಗುವಿನ ಗಾಡಿಯೂ ಮಲೆನಾಡಿನ ದಾರಿಯೂ

ಮಕ್ಕಳ ಸಾಮಾನುಗಳಿಗೆ ಒಂದು ವಿಚಿತ್ರವಾದ ಹಣೆಬರಹವುಂಟು. ಅವನ್ನು ಬಳಸುವವರು ಮಕ್ಕಳು. ಆರಿಸಿ ಕೊಳ್ಳುವವರು ದೊಡ್ಡವರು. ಆದ್ದರಿಂದ ಅಂಗಡಿಯಲ್ಲಿ ಅವು ದೊಡ್ಡವರ ಕಣ್ಣಿಗೆ ಚೆನ್ನಾಗಿ ಕಂಡರೆ ಸಾಕು, ಮಾರಾಟವಾಗಿಬಿಡುತ್ತವೆ. ಮಗುವನ್ನು ಕೂರಿಸಿ ತಳ್ಳಿಕೊಂಡು ಹೋಗುವ ಗಾಡಿಯ ವಿಷಯದಲ್ಲಂತೂ ಈ ಮಾತು ಪೂರ್ತಿ ನಿಜ. ಪೇಟೆಯ ನುಣುಪಾದ ನೆಲದ ಮೇಲೆ ಒಂದು ಬೆರಳಿನಿಂದ ತಳ್ಳಿದರೂ ಸರಿಯುವ ಗಾಡಿಯನ್ನು ಮೆಚ್ಚಿ ಕೊಂಡ ಮಗ ಸೊಸೆ, ಹಬ್ಬಕ್ಕೆ ಊರಿಗೆ ಬರುವಾಗ ಅದನ್ನೂ ಕಾರಿನಲ್ಲಿ ಹಾಕಿಕೊಂಡು ಬರುತ್ತಾರೆ. ನಮ್ಮ ಗೋಣಿಬೀಡಿನ ಕಡೆಯ ತೋಟದ ಮನೆಯ ಅಂಗಳ ದಾಟಿ ಗೇಟು ಮುಟ್ಟುವಷ್ಟರಲ್ಲಿ ಅದರ ಮುಂಗಾಲಿ ಜಲ್ಲಿಕಲ್ಲಿಗೆ ಸಿಕ್ಕಿ ಅಡ್ಡ ತಿರುಗಿ ನಿಂತಿರುತ್ತದೆ. ಕೊನೆಗೆ ಮಗುವನ್ನು ಅಜ್ಜಿ ಸೊಂಟದ ಮೇಲೆ ಕೂರಿಸಿಕೊಳ್ಳುತ್ತಾರೆ. ಗಾಡಿಯನ್ನು ಅಜ್ಜ ಹೊತ್ತುಕೊಳ್ಳುತ್ತಾರೆ.

ನಗು ಬರುವ ಸಂಗತಿಯೇ ಸರಿ. ಆದರೆ ಇದರ ಹಿಂದೆ ಗಂಭೀರವಾದ ಒಂದು ಪ್ರಶ್ನೆಯಿದೆ. ಮಗುವಿನ ಗಾಡಿ ಮಗುಚಬಾರದು, ತಳ್ಳುವವರ ಕೈಮಾತನ್ನು ಕೇಳಬೇಕು, ನೋಡುವುದಕ್ಕೂ ಚೆನ್ನಾಗಿರಬೇಕು. ಈ ಮೂರು ಗುಣಗಳನ್ನೂ ಎಲ್ಲರೂ ಬಯಸುತ್ತಾರೆ. ಆದರೆ ಇವು ತಾವಾಗಿಯೇ ಒಂದುಗೂಡುವುದಿಲ್ಲ. ಒಂದನ್ನು ಹೆಚ್ಚಿಸಹೊರಟರೆ ಇನ್ನೊಂದು ಕುಗ್ಗುತ್ತದೆ. ಎಷ್ಟು ಬಿಟ್ಟು ಎಷ್ಟು ಪಡೆಯಬೇಕು ಎಂಬುದನ್ನು ತೀರ್ಮಾನಿಸಬೇಕಾದದ್ದು ಅಂಗಡಿಯ ನೆಲವಲ್ಲ, ಗಾಡಿ ಓಡಬೇಕಾದ ದಾರಿ. ಈ ಮಾತನ್ನು ನಿಮ್ಮ ಮುಂದಿಡಬೇಕೆಂಬುದೇ ಈ ಭಾಷಣದ ಉದ್ದೇಶ.

ಚರಿತ್ರೆಯೂ ಇದನ್ನೇ ಹೇಳುತ್ತದೆ. 1733ರಲ್ಲಿ ಇಂಗ್ಲೆಂಡಿನ ವಾಸ್ತುಶಿಲ್ಪಿ ವಿಲಿಯಂ ಕೆಂಟ್ ಎಂಬಾತ ಡೆವನ್‌ಶೈರಿನ ಡ್ಯೂಕನ ಮಕ್ಕಳಿಗಾಗಿ ಚಿಪ್ಪಿನ ಆಕಾರದ ಗಾಡಿಯೊಂದನ್ನು ರಚಿಸಿಕೊಟ್ಟ. ಅದನ್ನು ಎಳೆಯುವುದಕ್ಕೆ ಆಡನ್ನೋ ತಟ್ಟುಕುದುರೆಯನ್ನೋ ಕಟ್ಟಬೇಕಿತ್ತು. ಅದು ಅರಮನೆಯ ಉದ್ಯಾನದ ಗಾಡಿ. ಅಲ್ಲಿ ಚೆಲುವೇ ಮುಖ್ಯವಾಗಿತ್ತು. 1889ರಲ್ಲಿ ಅಮೆರಿಕದ ವಿಲಿಯಂ ರಿಚರ್ಡ್‌ಸನ್, ಮಗುವಿನ ಮುಖವನ್ನು ತಾಯಿಯ ಕಡೆಗೂ ದಾರಿಯ ಕಡೆಗೂ ತಿರುಗಿಸಬಹುದಾದ ತೊಟ್ಟಿಲುಗಾಡಿಗೆ ಹಕ್ಕುಪತ್ರ ಪಡೆದ. ಅದರ ಗಾಲಿಗಳು ಬೇರೆಬೇರೆಯಾಗಿ ತಿರುಗುತ್ತಿದ್ದುದರಿಂದ ಇಕ್ಕಟ್ಟಾದ ಜಾಗದಲ್ಲಿಯೂ ಗಾಡಿಯನ್ನು ಹೊರಳಿಸುವುದು ಸುಲಭವಾಯಿತು. 1965ರಲ್ಲಿ ಓವೆನ್ ಮೆಕ್ಲಾರೆನ್ ಎಂಬ ಬ್ರಿಟಿಷ್ ಎಂಜಿನಿಯರ್ ಕೊಡೆಯ ಹಾಗೆ ಮಡಚಿಡುವ ಅಲ್ಯೂಮಿನಿಯಂ ಗಾಡಿಯನ್ನು ರೂಪಿಸಿದ. ಈತ ಹಿಂದೆ ಯುದ್ಧವಿಮಾನದ ಗಾಲಿಕಾಲುಗಳ ರಚನೆಯಲ್ಲಿ ಕೆಲಸ ಮಾಡಿದ್ದವನು. ನೆಲಕ್ಕಿಳಿಯುವಾಗ ಚಾಚಿಕೊಳ್ಳುವ, ಹಾರುವಾಗ ಮಡಚಿಕೊಳ್ಳುವ ಆ ಕಾಲುಗಳ ವಿದ್ಯೆ ಮಕ್ಕಳ ಗಾಡಿಗೆ ಬಂದದ್ದು ಹೀಗೆ. ಮೂರು ಕಿಲೋಗ್ರಾಂಗೂ ಕಡಮೆ ತೂಗುತ್ತಿದ್ದ ಆ ಗಾಡಿ ಬಸ್ಸು, ರೈಲು, ವಿಮಾನಗಳನ್ನು ಹತ್ತಿ ಇಳಿಯುವ ಪಟ್ಟಣಿಗರಿಗೆ ವರವಾಯಿತು. ಉದ್ಯಾನ, ಬೀದಿ, ರೈಲು: ದಾರಿ ಬದಲಾದ ಹಾಗೆಲ್ಲ ಗಾಡಿಯೂ ಬದಲಾಯಿತು. ನಮ್ಮ ಕಾಫಿತೋಟದ ದಾರಿಗೆಂದು ಮಾತ್ರ ಯಾರೂ ಯೋಚಿಸಿದಂತೆ ಕಾಣುವುದಿಲ್ಲ.

ಹಾಗಾದರೆ ನಾವೇ ಯೋಚಿಸಬಾರದೇಕೆ? ಮೊದಲು ಸ್ಥಿರತೆಯ ಮಾತು. ಗಾಡಿಯೂ ಮಗುವೂ ಸೇರಿದ ಭಾರವೆಲ್ಲ ಒಂದು ಬಿಂದುವಿನಲ್ಲಿ ನೆಲೆಸಿದೆಯೆಂದು ಭಾವಿಸಿ, ಅದೇ ಗುರುತ್ವಕೇಂದ್ರ. ಅಲ್ಲಿಂದ ಒಂದು ತೂಗುಗುಂಡನ್ನು ಇಳಿಬಿಟ್ಟರೆ ಅದು ಗಾಲಿಗಳು ನೆಲ ಮುಟ್ಟುವ ಬಿಂದುಗಳ ನಡುವೆ ಬೀಳುವವರೆಗೆ ಗಾಡಿ ನಿಲ್ಲುತ್ತದೆ; ಹೊರಗೆ ಬಿದ್ದರೆ ಮಗುಚುತ್ತದೆ. ಗುರುತ್ವಕೇಂದ್ರ ನೆಲದಿಂದ 50 ಸೆಂಟಿಮೀಟರ್ ಎತ್ತರದಲ್ಲಿದ್ದು, ಎಡಬಲದ ಗಾಲಿಗಳ ನಡುವೆ 50 ಸೆಂಟಿಮೀಟರ್ ಅಂತರವಿದ್ದರೆ, ನಾಲ್ಕು ಗಾಲಿಯ ಗಾಡಿ ಸುಮಾರು 26 ಡಿಗ್ರಿಯ ಪಕ್ಕದ ಓರೆಯನ್ನು ತಡೆದುಕೊಳ್ಳುತ್ತದೆ. ಮುಂದೆ ಒಂದೇ ಗಾಲಿಯಿರುವ ಗಾಡಿಯ ಆಧಾರ ತ್ರಿಕೋನವಾಗಿದ್ದು ಮುಂದೆ ಹೋದಂತೆ ಕಿರಿದಾಗುತ್ತದೆ. ಹಿಂದಿನ ಅಚ್ಚಿನಿಂದ ಮುಂಗಾಲಿಯವರೆಗಿನ ಅಂತರದ ಮೂರನೆಯ ಒಂದು ಭಾಗದಷ್ಟು ಮುಂದೆ ಭಾರವಿದ್ದರೆ, ಅದು ಸುಮಾರು 18 ಡಿಗ್ರಿಗೇ ಸೋಲುತ್ತದೆ. ಆಸನವನ್ನು ತಗ್ಗಿಸಿ ಗುರುತ್ವಕೇಂದ್ರವನ್ನು 10 ಸೆಂಟಿಮೀಟರ್ ಕೆಳಗಿಳಿಸಿದರೆ ಅದೇ ಗಾಡಿ 22 ಡಿಗ್ರಿಯವರೆಗೆ ತಾಳುತ್ತದೆ. ಇದು ಅಲುಗದೆ ಕುಳಿತ ಮಗುವಿನ ಲೆಕ್ಕ. ದಾರಿಯಲ್ಲಿ ನಾಯಿ ಕಂಡೊಡನೆ ಪಕ್ಕಕ್ಕೆ ಬಾಗಿ ಕೈಚಾಚದ ಮಗು ಎಲ್ಲಿದೆ?

ಆದರೂ ಮೂರು ಗಾಲಿಯನ್ನು ಹಾಗೆಯೇ ತಳ್ಳಿಹಾಕುವಂತಿಲ್ಲ. ಮೂರು ಕಾಲಿನ ಪೀಠ ಎಂಥ ಉಬ್ಬುತಗ್ಗಿನ ನೆಲದಲ್ಲಿಯೂ ಕುಲುಕುವುದಿಲ್ಲ. ನಾಲ್ಕು ಕಾಲಿನದು ಕುಲುಕುತ್ತದೆ. ಅಮೆರಿಕದಲ್ಲಿ 1984ರಲ್ಲಿ ಸೈಕಲ್ ಗಾಲಿಗಳನ್ನು ಹಾಕಿ ಮಾಡಿದ ಮೂರು ಗಾಲಿಯ ಓಟದ ಗಾಡಿ ಬಂದುದು ಈ ಗುಣದ ಬಲದಿಂದಲೇ. ತೋಟದ ದಾರಿಗೂ ಮೂರು ಗಾಲಿಯೇ ಲೇಸೆಂದು ನನ್ನ ಅಭಿಪ್ರಾಯ. ಆದರೆ ಹಿಂದಿನ ಗಾಲಿಗಳು ಅಗಲವಾಗಿ ಚಾಚಿಕೊಂಡಿರಬೇಕು, ಆಸನ ತಗ್ಗಿನಲ್ಲಿರಬೇಕು. ನಮ್ಮ ಊರುಗಳ ತೇರನ್ನು ನೋಡಿ: ಮೇಲೆ ಬಿದಿರು ಬಟ್ಟೆಗಳ ಹಗುರವಾದ ಚೆಲುವು, ಕೆಳಗೆ ದಪ್ಪ ಮರದ ಭಾರ. ಎತ್ತರವಿದ್ದೂ ತೇರು ನಿಲ್ಲುವುದು ಈ ಕ್ರಮದಿಂದ.

ಇನ್ನು ಚಲನೆ. ತೇರು ಸ್ಥಿರವೇನೋ ಹೌದು; ಅದನ್ನು ತಿರುಗಿಸಬೇಕಾದರೆ ಗಾಲಿಗೆ ಮರದ ಬೆಣೆ ಕೊಡುವ ನುರಿತವರು ಬೇಕು. ಮಗುವಿನ ಗಾಡಿಗೆ ಅಷ್ಟು ಜನವನ್ನು ಎಲ್ಲಿಂದ ತರುವುದು? ಆದ್ದರಿಂದ ಮುಂಗಾಲಿ ತಾನೇ ತಿರುಗಬೇಕು. ಅದು ತಿರುಗುವ ಕೀಲಿಗಿಂತ ಗಾಲಿ ನೆಲ ಮುಟ್ಟುವ ಜಾಗ ತುಸು ಹಿಂದಿದ್ದರೆ, ಗಾಡಿ ಹೋದ ಕಡೆಗೆ ಗಾಲಿ ತಾನಾಗಿ ಹಿಂಬಾಲಿಸುತ್ತದೆ. ಆಸ್ಪತ್ರೆಯ ತಳ್ಳುಮಂಚದ ಗಾಲಿಯಲ್ಲಿ ಈ ಉಪಾಯವನ್ನು ಕಾಣಬಹುದು. ಆದರೆ ಜಲ್ಲಿಯ ಮೇಲೆ ಇಂಥ ಗಾಲಿ ಅತ್ತಿತ್ತ ಒದರಾಡುತ್ತದೆ. ಹೀಗಾಗಿ ಬೇಕೆಂದಾಗ ಅದನ್ನು ನೇರಕ್ಕೆ ಬಿಗಿದು ನಿಲ್ಲಿಸುವ ಒಂದು ಕೊಂಡಿ ಅವಶ್ಯ.

ಗಾಲಿಯ ಗಾತ್ರವಂತೂ ಎಲ್ಲಕ್ಕಿಂತ ಮುಖ್ಯ. ದಾರಿಯಲ್ಲಿ ಎರಡು ಸೆಂಟಿಮೀಟರ್ ಎತ್ತರದ ಕಲ್ಲೊಂದಿದೆಯೆನ್ನಿ. ಅಚ್ಚಿನಿಂದ ಅಂಚಿಗೆ 8 ಸೆಂಟಿಮೀಟರ್ ಇರುವ ಗಾಲಿ ಅದನ್ನು ಹತ್ತಬೇಕಾದರೆ, ಆ ಗಾಲಿಯ ಮೇಲಿರುವ ಭಾರದ ಶೇಕಡಾ 88ರಷ್ಟು ಬಲದಿಂದ ನೇರವಾಗಿ ತಳ್ಳಬೇಕು. ಗಾಲಿಯನ್ನು ಇಮ್ಮಡಿಗೊಳಿಸಿ 16 ಸೆಂಟಿಮೀಟರ್ ಮಾಡಿದರೆ ಶೇಕಡಾ 55 ಸಾಕು. ನಮ್ಮ ಎತ್ತಿನ ಗಾಡಿಯ ಗಾಲಿ ಆಳಿನ ಎದೆಯೆತ್ತರ ಇದ್ದುದು ಸುಮ್ಮನೆ ಅಲ್ಲ. ಈ ಸೂತ್ರವನ್ನು ಓದದೆಯೇ ನಮ್ಮ ಬಡಗಿಗಳು ಅದನ್ನು ಅರಿತಿದ್ದರು.

ಏರಿಳಿತದ ಲೆಕ್ಕವೂ ಉಂಟು. ಎಂಟು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ ಮಗು ಸೇರಿ 20 ಕಿಲೋಗ್ರಾಂ ತೂಗುವ ಗಾಡಿ ಎರಡೂವರೆ ಕಿಲೋಗ್ರಾಂ ಭಾರದಷ್ಟು ಬಲದಿಂದ ಕೆಳಕ್ಕೆ ಜಗ್ಗುತ್ತಲೇ ಇರುತ್ತದೆ. ಚೀಲ ಎತ್ತುವುದಕ್ಕೆಂದು ಒಂದು ಗಳಿಗೆ ಕೈಬಿಟ್ಟರೆ ಅದು ತನ್ನ ದಾರಿ ಹಿಡಿಯುತ್ತದೆ. ಎರಡು ಹಿಂಗಾಲಿಗಳನ್ನೂ ಒಟ್ಟಿಗೆ ಬಿಗಿಯುವ ಬ್ರೇಕು, ಹಿಡಿಕೆಗೂ ಮಣಿಕಟ್ಟಿಗೂ ನಡುವೆ ಒಂದು ಪಟ್ಟಿ, ಇವು ಮಲೆನಾಡಿನಲ್ಲಿ ಅಲಂಕಾರಗಳಲ್ಲ. ಮಳೆಗಾಲದಲ್ಲಿ ಪಾಚಿಗಟ್ಟಿದ ನೆಲದ ಮೇಲೆ ಗಾಲಿ ಬಿಗಿದಿದ್ದರೂ ಗಾಡಿ ಜಾರಬಹುದು. ಆದ್ದರಿಂದ ಅಂಥ ನೆಲದಲ್ಲಿ ಅದನ್ನು ನಿಲ್ಲಿಸಿ ದೂರ ಹೋಗಲೇಬಾರದು. ಹಿಡಿಕೆಗೆ ಭಾರದ ಚೀಲವನ್ನೂ ತೂಗುಹಾಕಬಾರದು. ಮಗುವನ್ನು ಎತ್ತಿಕೊಂಡೊಡನೆ ಗಾಡಿ ಹಿಂದಕ್ಕೆ ಬೀಳುತ್ತದೆ.

ಹಗುರವೂ ಬೇಕು, ಮಡಚುವಂತೆಯೂ ಇರಬೇಕು ಎಂಬ ಆಸೆಗೆ ತೆತ್ತ ಬೆಲೆಯ ಒಂದು ಉದಾಹರಣೆ ಹೇಳುತ್ತೇನೆ. ಮೆಕ್ಲಾರೆನ್ ಹೆಸರಿನ ಗಾಡಿಗಳಲ್ಲಿ ಸುಮಾರು ಹತ್ತು ಲಕ್ಷವನ್ನು 2009ರಲ್ಲಿ ಅಮೆರಿಕದಲ್ಲಿ ಸರಿಪಡಿಸುವುದಕ್ಕಾಗಿ ಹಿಂದಕ್ಕೆ ಕರೆಯಬೇಕಾಯಿತು. ಗಾಡಿ ಬಿಚ್ಚುವಾಗ ಕೀಲಿನ ಸಂದಿಗೆ ಸಿಕ್ಕಿ ಹನ್ನೆರಡು ಮಕ್ಕಳ ಬೆರಳಿನ ತುದಿ ತುಂಡಾಗಿತ್ತು. ಪರಿಹಾರವೇನು ದೊಡ್ಡದಲ್ಲ, ಕೀಲನ್ನು ಮುಚ್ಚುವ ಒಂದು ಸಣ್ಣ ಕವಚ. ಜಾಣತನವೆಲ್ಲ ಯಾವ ಕೀಲಿನಲ್ಲಿ ನೆಲೆಸಿತ್ತೋ ಅಲ್ಲಿಯೇ ಅಪಾಯವೂ ಅಡಗಿತ್ತು. ಗಾಡಿಯನ್ನು ಬಿಚ್ಚುವಾಗ ಮಗು ಎಲ್ಲಿ ನಿಂತಿರುತ್ತದೆ ಎಂದು ಯೋಚಿಸುವುದೂ ರಚನೆಯ ಒಂದು ಭಾಗವೇ.

ಕೊನೆಯದಾಗಿ ಚೆಲುವು. ಇದನ್ನು ಕೊನೆಯಲ್ಲಿ ಬಳಿಯುವ ಬಣ್ಣವೆಂದು ತಿಳಿದವರೇ ಹೆಚ್ಚು. ಮಗು ಕಣ್ಣಿನಿಂದ ಮಾತ್ರ ನೋಡುವುದಿಲ್ಲ, ಬಾಯಿಂದಲೂ ನೋಡುತ್ತದೆ. ಕೈಗೆ ಸಿಕ್ಕ ಹಿಡಿಕೆಯನ್ನು ಮೊದಲು ಕಚ್ಚುತ್ತದೆ. ಸೀಸದ ಬಣ್ಣ ಅಲ್ಲಿ ವಿಷ. ಚನ್ನಪಟ್ಟಣದ ಕುಶಲಿಗಳು ಆಲೆಮರವನ್ನು ಚರಕಿಗೆ ಕೊಟ್ಟು, ತಿರುಗುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಅರಿಸಿನದಂಥ ಗಿಡಮೂಲದ ಬಣ್ಣಗಳನ್ನೇ ಬಳಸಿದರೆ ಮಗು ಕಚ್ಚಿದರೂ ಭಯವಿಲ್ಲ. ಅಂಚಿಲ್ಲದ ದುಂಡು, ಕೈಗೆ ಹಿತವಾದ ನುಣುಪು, ನಾಲಿಗೆಗೆ ಹಾನಿಯಿಲ್ಲದ ಬಣ್ಣ: ಇಲ್ಲಿ ಚೆಲುವೂ ಸುರಕ್ಷತೆಯೂ ಬೇರೆಬೇರೆಯಲ್ಲ. ನಮ್ಮ ಕಡೆ ಇನ್ನೊಂದು ಕಾರಣವೂ ಉಂಟು. ಆಷಾಢದ ಮಂಜಿನಲ್ಲಿ, ಕಾಫಿಗಿಡಗಳ ನೆರಳಿನ ತಿರುವಿನಲ್ಲಿ, ಹಸಿರು ಕಂದು ಬಣ್ಣದ ಗಾಡಿ ಜೀಪು ಓಡಿಸುವವನ ಕಣ್ಣಿಗೆ ಬೀಳುವುದೇ ಇಲ್ಲ. ಗಾಢವಾದ ಹಳದಿ ನಮ್ಮಲ್ಲಿ ಬರಿಯ ಅಂದವಲ್ಲ, ರಕ್ಷೆ.

ಇಷ್ಟೆಲ್ಲ ಹೇಳಿದ ಮೇಲೆ, ಇಂಥ ಗಾಡಿ ಯಾರಿಗೆ ಎಂಬ ಪ್ರಶ್ನೆ ಉಳಿಯುತ್ತದೆ. ಹಣ್ಣು ಕುಯ್ಯಲು ಬರುವ ತಾಯಂದಿರು ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಮಗುವನ್ನು ಮಲಗಿಸುವುದನ್ನು ನಾವೆಲ್ಲ ನೋಡಿದ್ದೇವೆ. ಜೋಲಿ ಒಳ್ಳೆಯ ರಚನೆಯೇ. ಅದಕ್ಕೆ ಗಾಲಿಯಿಲ್ಲ, ಮಗುಚುವುದಿಲ್ಲ, ಖರ್ಚೂ ಇಲ್ಲ. ಆದರೆ ಸಾಲು ಮುಂದುವರಿದಂತೆ ತಾಯಿ ದೂರವಾಗುತ್ತಾಳೆ, ಮಗು ಅಲ್ಲಿಯೇ ಉಳಿಯುತ್ತದೆ. ಐವತ್ತು ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುಗೃಹ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆ ವಿಧಿಸಿತ್ತು. ಅದಕ್ಕಿಂತ ಚಿಕ್ಕ ತೋಟಗಳ ತಾಯಂದಿರಿಗೆ ಜೋಲಿಯೇ ಗತಿಯಾಯಿತು.

ಪೇಟೆಯ ಮಾದರಿಯನ್ನು ತಂದು ಹೊರುವುದಕ್ಕಿಂತ, ಊರಿನ ಬಡಗಿಯೂ ವೆಲ್ಡಿಂಗ್ ಅಂಗಡಿಯವರೂ ಸೇರಿ ಒಂದು ಗಾಡಿ ಮಾಡಬಹುದು. ಚಿಕ್ಕ ಸೈಕಲಿನ ಮೂರು ಗಾಲಿ, ಅಗಲವಾದ ಹಿಂಬದಿ, ತಗ್ಗಿದ ಆಸನ, ಹೆಗಲು ಸೊಂಟ ತೊಡೆಗಳನ್ನು ಹಿಡಿಯುವ ಐದು ಪಟ್ಟಿ, ಗಟ್ಟಿ ಬ್ರೇಕು, ಹಳದಿಯ ಮುಸುಕು. ಮಡಚುವ ಕೀಲು ಬೇಡ. ತೋಟದಲ್ಲಿ ಗಾಡಿಗೆ ಜಾಗದ ಕೊರತೆಯಿಲ್ಲ. ಕುಯ್ಲಿನ ದಿನಗಳಲ್ಲಿ ತೋಟಕ್ಕೆ ಇಂಥ ಒಂದೆರಡು ಇದ್ದರೆ, ಸಾಲು ಮುಂದೆ ಸರಿದಂತೆ ತೋಟದ ದಾರಿಯಲ್ಲಿ ಮಗುವೂ ತಾಯಿಯ ಕಣ್ಣಳತೆಯಲ್ಲಿ ಮುಂದೆ ಸರಿಯುತ್ತದೆ. ಕಾಫಿ ಮೂಟೆ ಸಾಗಿಸುವುದಕ್ಕೆ ಏನೇನೋ ಸಾಧನ ಕಂಡುಕೊಂಡವರು ನಾವು. ಅಷ್ಟೇ ಆಸ್ಥೆಯಿಂದ ಇದನ್ನೂ ಮಾಡಬಲ್ಲೆವು ಎಂದು ನಂಬಿದ್ದೇನೆ.