ಶಾಲಾ ಗ್ರಂಥಾಲಯದ ಒಳವಿನ್ಯಾಸ

(ಶತಮಾನೋತ್ಸವದ ಅಂಗವಾಗಿ ಶಾಲೆಯ ಶಿಕ್ಷಕ-ರಕ್ಷಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯದ ಶತಮಾನೋತ್ಸವದ ನೆನಪಿಗಾಗಿ ಶಾಲೆಯಲ್ಲಿ ಒಂದು ಗ್ರಂಥಾಲಯವನ್ನು ಸಜ್ಜುಗೊಳಿಸಬೇಕೆಂದು ತಾವು ನಿಶ್ಚಯಿಸಿರುವಿರಿ. ಉತ್ತರದ ಕೊನೆಯ ತರಗತಿ ಕೋಣೆಯು ಇದಕ್ಕಾಗಿ ದೊರೆತಿದೆ. ಕೆಲವು ಕುಟುಂಬಗಳವರು ಗಾಜಿನ ಬಾಗಿಲಿನ ಕಪಾಟುಗಳನ್ನು ದಾನವಾಗಿ ಕೊಡಲು ಮುಂದೆ ಬಂದಿರುವರೆಂದು ಕೇಳಿ ಸಂತೋಷವಾಯಿತು. ಆ ದಾನಿಗಳ ಮನಸ್ಸಿಗೆ ನೋವಾಗದಿರಲಿ ಎಂದು ಪ್ರಾರ್ಥಿಸುತ್ತಾ ಒಂದು ಮಾತನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ: ಕಪಾಟಿಗೆ ಬಾಗಿಲು ಬೇಡ. ಬಾಗಿಲು, ಗಾಜು, ಬೀಗಗಳಿಗೆ ತಗಲುವ ಹಣವು ಪುಸ್ತಕಗಳಿಗೆ ಹೋಗಲಿ.

ಗಾಜಿನ ಹಿಂದಿರುವ ಪುಸ್ತಕವನ್ನು ಮಗುವು ನೋಡುತ್ತದೆ, ಮುಟ್ಟಲಾರದು. ಬೇಕೆಂದರೆ ಕೇಳಬೇಕು, ಕೇಳಬೇಕಾದರೆ ಹೆಸರು ಗೊತ್ತಿರಬೇಕು. ಹತ್ತು ಪುಸ್ತಕಗಳನ್ನು ತೆಗೆದು ಮಗುಚಿ ನೋಡಿ ಹನ್ನೊಂದನೆಯದನ್ನು ಆರಿಸಿಕೊಳ್ಳುವ ಸುಖವು ಅದಕ್ಕೆ ದೊರೆಯುವುದೇ ಇಲ್ಲ. ಇಂಗ್ಲೆಂಡಿನ ಹೆರಿಫರ್ಡ್ ಕೆಥೆಡ್ರಲಿನಲ್ಲಿ ಪುಸ್ತಕಗಳಿಗೆ ಸರಪಳಿ ಬಿಗಿದ ಹಳೆಯ ಗ್ರಂಥ ಭಂಡಾರವು ಇಂದಿಗೂ ಉಳಿದಿದೆ. ಅಲ್ಲಿ ಸರಪಳಿಯನ್ನು ಪುಸ್ತಕದ ಬೆನ್ನಿಗೆ ಜೋಡಿಸದೆ ರಟ್ಟಿನ ಮುಂದಣ ಅಂಚಿಗೆ ಜೋಡಿಸಿದ್ದಾರೆ. ಹಲಗೆಗಳ ಬಳಿಯಲ್ಲೇ ಓದುವ ಮೇಜಿದೆ. ಬಂದವನು ಪುಸ್ತಕವನ್ನು ಎಳೆದು, ಅಲ್ಲಿಯೇ ಬಿಚ್ಚಿ ಓದಬಹುದಾಗಿತ್ತು. ನಮ್ಮ ಬೀಗದ ಕಪಾಟಿಗಿಂತ ಆ ಸರಪಳಿಯೇ ಹೆಚ್ಚು ಉದಾರವಾದುದೆಂದು ನನಗೆ ತೋರುತ್ತದೆ.

ನಮ್ಮ ದೇಶದಲ್ಲಿ ಈ ವಿಷಯವನ್ನು ಆಳವಾಗಿ ಚಿಂತಿಸಿದವರು ಎಸ್. ಆರ್. ರಂಗನಾಥನ್ ಅವರು. ಮದರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದವರು 1924ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. 1972ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಪುಸ್ತಕವಿರುವುದು ಉಪಯೋಗಕ್ಕಾಗಿ ಎಂಬುದೇ ಅವರ ಮೊದಲ ಸೂತ್ರದ ತಾತ್ಪರ್ಯ. ಓದುಗನು ನೇರವಾಗಿ ಹಲಗೆಯ ಬಳಿಗೆ ಹೋಗಬೇಕು ಎಂದು ಅವರು ಬಲವಾಗಿ ವಾದಿಸಿದರು. 2009ರ ಶಿಕ್ಷಣ ಹಕ್ಕು ಕಾಯಿದೆಯು ಪ್ರತಿಯೊಂದು ಶಾಲೆಯಲ್ಲೂ ಕತೆ ಪುಸ್ತಕಗಳ ಸಹಿತವಾದ ಗ್ರಂಥಾಲಯವಿರಬೇಕೆಂದು ವಿಧಿಸಿದೆ. ಬೀಗದ ಕೈ ಯಾರ ಬಳಿಯಿರಬೇಕೆಂದು ಮಾತ್ರ ಅದು ಹೇಳಿಲ್ಲ.

ಈಗ ಕೋಣೆಯ ವಿಷಯ. ಅದು 30 ಅಡಿ ಉದ್ದ, 20 ಅಡಿ ಅಗಲವಿದೆ. ಪೂರ್ವಕ್ಕೆ ಜಗಲಿ, ಬಾಗಿಲು, ಎರಡು ಕಿಟಕಿಗಳು; ಪಶ್ಚಿಮಕ್ಕೆ ಮೂರು ಕಿಟಕಿಗಳು. ಪಶ್ಚಿಮದ ಗೋಡೆಗೆ ಒಂದು ಪುಸ್ತಕವನ್ನೂ ತಾಗಿಸಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೂ ಗಾಳಿಯೂ ಹೊಡೆಯುವುದು ಆ ಗೋಡೆಗೇ. ಆಟಿ ತಿಂಗಳಲ್ಲಿ ಅದನ್ನು ಮುಟ್ಟಿದರೆ ಕೈ ಒದ್ದೆಯಾಗುತ್ತದೆ. ಉಳಿದ ಕಡೆಗಳಲ್ಲಿಯೂ ಕಪಾಟು ಗೋಡೆಯಿಂದ ನಾಲ್ಕು ಅಂಗುಲ ಈಚೆಗೆ, ಕೆಳಗಿನ ಹಲಗೆ ನೆಲದಿಂದ ಆರು ಅಂಗುಲ ಮೇಲಕ್ಕೆ ಇರಲಿ. ಗಾಳಿ ಆಡಿದರೆ ಬೂಷ್ಟು ಕಡಿಮೆ. ಗೆದ್ದಲು ಹತ್ತಿದರೆ ಕಣ್ಣಿಗೆ ಬೀಳುತ್ತದೆ. ಗುಡಿಸುವವರ ಪೊರಕೆಯೂ ಹೋಗುತ್ತದೆ. ಮುಚ್ಚಿದ ಕಪಾಟಿನಲ್ಲಿ ಪುಸ್ತಕ ಭದ್ರವೆಂದು ಭಾವಿಸುವವರು ಮಳೆಗಾಲ ಕಳೆದ ಮೇಲೆ ಅದನ್ನು ಒಮ್ಮೆ ತೆರೆದು ಮೂಸಿ ನೋಡಬೇಕು.

ದಕ್ಷಿಣ, ಉತ್ತರದ ಎರಡು ಗೋಡೆಗಳಿಗೆ ಕಿಟಕಿಯಿಲ್ಲ. ಅಲ್ಲಿ 40 ಅಡಿ ಸ್ಥಳ ದೊರೆಯುತ್ತದೆ. ಹಲಗೆಯ ಉದ್ದ 3 ಅಡಿಗಿಂತ ಹೆಚ್ಚಾಗಬಾರದು. ಪುಸ್ತಕದ ಭಾರಕ್ಕೆ ನಡುವೆ ಬಾಗುತ್ತದೆ. ಹಾಗಾದರೆ ಪ್ರತಿ ಗೋಡೆಗೆ ಆರರಂತೆ 12 ಕಪಾಟುಗಳು. ಐದು ಹಲಗೆಗಳ ಒಂದು ಕಪಾಟು ಸುಮಾರು 150 ಪುಸ್ತಕ ಹಿಡಿದೀತು, ಆದರೆ 100 ಮಾತ್ರ ಇಡಿರಿ. ಮೂರರಲ್ಲೊಂದು ಪಾಲು ಖಾಲಿಯಿದ್ದರೆ ಮಗುವು ಪುಸ್ತಕವನ್ನು ಬೆನ್ನು ಕೀಳದೆ ಹೊರತೆಗೆಯಬಹುದು. ಮುಂದಿನ ವರ್ಷ ಬರುವ ಪುಸ್ತಕಗಳಿಗೂ ಎಡೆಯಾಯಿತು. ಒಂದು ಅಡಿಗೆ ಒಂದರಂತೆ ಹಲಗೆ ಹೊಡೆದರೆ ಮೇಲಿನ ಹಲಗೆಯು ನಾಲ್ಕೂವರೆ ಅಡಿಯಲ್ಲಿರುತ್ತದೆ. ಐದರಿಂದ ಏಳನೆಯ ತರಗತಿಯವರಿಗೆ ಅದು ಕೈಗೆಟಕುವುದು. ನಿಘಂಟು, ಭೂಪಟಗಳಂತಹ ಭಾರವಾದವು ನಡುವಿನ ಹಲಗೆಯಲ್ಲಿರಲಿ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲರ ನಿಘಂಟನ್ನು ತಲೆಯ ಮೇಲಿಂದ ಇಳಿಸುವ ಸಾಹಸ ಯಾವ ಮಗುವಿಗೂ ಬೇಡ.

ಚಿಕ್ಕ ಮಕ್ಕಳಿಗೆ ಪೂರ್ವದ ಕಿಟಕಿಗಳ ಕೆಳಗೆ ಎರಡೂವರೆ ಅಡಿ ಎತ್ತರದ ಗಿಡ್ಡ ಕಪಾಟುಗಳು. ಅವರು ಪುಸ್ತಕವನ್ನು ಬೆನ್ನಿನ ಹೆಸರಿನಿಂದಲ್ಲ, ಮುಖಪುಟದ ಚಿತ್ರದಿಂದ ಗುರುತಿಸುತ್ತಾರೆ. ಆದುದರಿಂದ ಮೇಲುಗಡೆ ಒಂದು ಪಟ್ಟಿ ಹೊಡೆದು ಚಿತ್ರ ಕಾಣುವಂತೆ ನಿಲ್ಲಿಸಬೇಕು. ಮುಂದೆ ಒಂದು ಚಾಪೆ ಸಾಕು, ಕುರ್ಚಿ ಬೇಡ. ನಡುವೆ ಆರಾರು ಮಕ್ಕಳು ಕೂರುವ ನಾಲ್ಕು ಮೇಜುಗಳು. ನಲವತ್ತು ಮಕ್ಕಳ ತರಗತಿ ಬಂದರೆ ಉಳಿದವರು ಚಾಪೆಯಲ್ಲಿ ಕುಳಿತಾರು. ಗಾಲಿಕುರ್ಚಿ ಬರುವಂತೆ ದಾರಿಯು ಎಲ್ಲಿಯೂ ಮೂರು ಅಡಿಗಿಂತ ಕಿರಿದಾಗಬಾರದು. ಹೊಸ್ತಿಲನ್ನೂ ತೆಗೆಸಿಬಿಡಿ.

ವಿಂಗಡಣೆಗೆ ಡ್ಯೂಯಿಯವರ ದಶಮಾಂಶ ಪದ್ಧತಿ ಒಳ್ಳೆಯದೇ. ಆದರೆ ಅದರಲ್ಲಿ ಕನ್ನಡ ಸಾಹಿತ್ಯವೆಲ್ಲವೂ 894.814 ಎಂಬ ಒಂದೇ ಮೂಲೆಗೆ ಬರುತ್ತದೆ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಹೆಚ್ಚಿನವು ಅವೇ. ಕತೆಗೆ ಕೆಂಪು, ಪದ್ಯಕ್ಕೆ ಹಳದಿ, ನಾಟಕಕ್ಕೆ ಹಸಿರು ಎಂದು ಬೆನ್ನಿಗೆ ಕಾಗದದ ಪಟ್ಟಿ ಅಂಟಿಸಿದರೆ ಪುಸ್ತಕವನ್ನು ಮರಳಿ ಇಡುವ ಕೆಲಸವನ್ನು ಮಕ್ಕಳೇ ಮಾಡುವರು. ಕೊಂಕಣಿ, ತುಳು ಪುಸ್ತಕಗಳಿಗೆ ಪ್ರತ್ಯೇಕ ಹಲಗೆಯಿರಲಿ. ಮನೆಯ ಮಾತಿನ ಪುಸ್ತಕವನ್ನು ಮಗುವು ಅಲ್ಲಿ ಕಾಣಬೇಕು.

ಇನ್ನು ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ: ಪುಸ್ತಕ ಕಳೆದುಹೋದರೆ? ಹೋಗುತ್ತದೆ. ಶಿಕ್ಷಕಿಯರು ಬೀಗ ಹಾಕುವುದು ಜಿಪುಣತನದಿಂದಲ್ಲ. ಸ್ಟಾಕು ರಿಜಿಸ್ಟರಿನಲ್ಲಿ ಒಂದು ಪುಸ್ತಕ ಕಡಿಮೆಯಾದರೆ ತಮ್ಮ ಸಂಬಳದಿಂದ ಕೊಡಬೇಕಾದೀತೆಂಬ ಭಯದಿಂದ. ಈ ಭಯವನ್ನು ನೀಗಿಸದೆ ಬಾಗಿಲು ಕಿತ್ತರೆ, ಕೋಣೆಗೇ ಬೀಗ ಬೀಳುತ್ತದೆ. ಆದಕಾರಣ ವರ್ಷಕ್ಕೆ ಇಷ್ಟು ಪುಸ್ತಕಗಳ ನಷ್ಟವನ್ನು ಶಾಲೆಯೇ ಭರಿಸುವುದೆಂದು ಆಡಳಿತ ಮಂಡಳಿಯು ಮೊದಲೇ ಠರಾವು ಮಾಡಿ ಪುಸ್ತಕದಲ್ಲಿ ಬರೆದಿಡಬೇಕು. ವಂದನೀಯ ಫಾದರ್ ಅವರಲ್ಲಿ ನನ್ನ ಮುಖ್ಯ ವಿನಂತಿ ಇದೇ. ಗ್ರಂಥಾಲಯದ ಶಿಕ್ಷಕಿಯ ಮೇಜನ್ನು ಬಾಗಿಲ ಬಳಿಯಲ್ಲಿ, ಎರಡು ಗೋಡೆಗಳೂ ಕಾಣುವಂತೆ ಇಟ್ಟರೆ ಅರ್ಧ ಕಾವಲು ಆಯಿತು. ಇಂದು ಮನೆಯಲ್ಲಿ ಮೊಬೈಲ್ ಫೋನು ಮಗುವಿನ ಕೈಗೆ ಯಾವ ಅಡ್ಡಿಯೂ ಇಲ್ಲದೆ ಸಿಗುತ್ತಿರುವಾಗ, ಪುಸ್ತಕದ ಮುಂದೆ ಬೀಗವಿಟ್ಟರೆ ಅದು ಯಾವುದನ್ನು ಆರಿಸೀತೆಂದು ಹೆತ್ತವರಾದ ತಮಗೆ ನಾನು ಹೇಳಬೇಕಾಗಿಲ್ಲ.

ದಾನಿಗಳ ಹೆಸರನ್ನು ಕಪಾಟಿನ ಪಕ್ಕದ ಹಲಗೆಯಲ್ಲಿ ಅಂದವಾಗಿ ಬರೆಸಬಹುದು. ಬಡಗಿಯನ್ನು ಕರೆಯುವ ಮೊದಲು ಒಂದನೆಯ, ಐದನೆಯ ತರಗತಿಗಳ ಮಕ್ಕಳನ್ನು ಗೋಡೆಗೆ ನಿಲ್ಲಿಸಿ, ಕೈಯೆತ್ತಿಸಿ, ಸೀಮೆಸುಣ್ಣದಿಂದ ಗುರುತು ಮಾಡಿಕೊಳ್ಳಿರಿ. ನನ್ನ ಅಳತೆಗಳನ್ನು ಆ ಗುರುತಿಗೆ ಸರಿಯಾಗಿ ತಿದ್ದಿಕೊಳ್ಳಬಹುದು. ಮೇ ತಿಂಗಳ ರಜೆಯಲ್ಲಿ ಕೆಲಸ ಮುಗಿದರೆ ಮಳೆಗೆ ಮುಂಚೆ ಬಣ್ಣ ಒಣಗೀತು.