ಗರ್ಭಿಣಿಯ ಮುಂದೆ ವೈದ್ಯನ ಹೊಣೆ

(ಶತಮಾನೋತ್ಸವದ ಅಂಗವಾಗಿ ಧರ್ಮಕೇಂದ್ರದ ಸಭಾಂಗಣದಲ್ಲಿ ಜರುಗಿದ ವೈದ್ಯರ ಹಾಗೂ ದಾದಿಯರ ಸಮಾವೇಶದಲ್ಲಿ ವಿಚಾರಣಾ ಗುರುಗಳು ನೀಡಿದ ಉಪನ್ಯಾಸ)



ನೂರು ವರ್ಷಗಳ ಸಂಭ್ರಮದ ನಡುವೆ ಇಂತಹ ಭಾರವಾದ ವಿಷಯವೇಕೆ ಎಂದು ಸಮಿತಿಯ ಹಿರಿಯರೊಬ್ಬರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಈ ದೇವಾಲಯದಲ್ಲಿ ಜ್ಞಾನಸ್ನಾನ ಪಡೆದ ಎಷ್ಟೋ ಹೆಣ್ಣುಮಕ್ಕಳು ಇಂದು ಗಲ್ಫ್ ದೇಶಗಳಲ್ಲಿ, ಇಂಗ್ಲೆಂಡ್, ಐರ್ಲೆಂಡುಗಳಲ್ಲಿ ಹೆರಿಗೆ ವಾರ್ಡುಗಳ ರಾತ್ರಿಪಾಳಿಯಲ್ಲಿದ್ದಾರೆ. ಅವರಲ್ಲಿ ಯಾರಿಗಾದರೂ ಎದುರಾಗಬಹುದಾದ ಒಂದು ರಾತ್ರಿಯ ಕುರಿತು ಮಾತನಾಡಲು ಇದಕ್ಕಿಂತ ಒಳ್ಳೆಯ ಸಂದರ್ಭ ನನಗೆ ತೋರಲಿಲ್ಲ.

2012ರ ನವೆಂಬರ್ ತಿಂಗಳು. ಆಗ ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದೆ. ಬೆಳಗಿನ ಬಲಿಪೂಜೆ ಮುಗಿಸಿ ಹೊರಬಂದಾಗ ನೆರೆಮನೆಯ ನಿವೃತ್ತ ಮೇಷ್ಟ್ರು ಪತ್ರಿಕೆ ಹಿಡಿದು ಮೆಟ್ಟಿಲ ಬಳಿ ನಿಂತಿದ್ದರು. “ಸ್ವಾಮಿಗಳೇ, ನಮ್ಮ ಬೆಳಗಾವಿಯ ಮಗಳಂತೆ. ಮಗು ಉಳಿಯುವುದಿಲ್ಲವೆಂದು ಗೊತ್ತಿದ್ದೂ ಕಾಯುತ್ತಾ ಕೂತರಂತೆ. ಇದು ಕಥೋಲಿಕ ದೇಶ ಅಂದರಂತೆ. ನಿಮ್ಮ ಧರ್ಮ ಹೀಗೆ ಹೇಳುತ್ತದೆಯೇ?” ಎಂದು ಕೇಳಿದರು. “ಇಲ್ಲ” ಎಂದೆ. ಅವರು ಪತ್ರಿಕೆಯನ್ನು ಮಡಚುತ್ತಾ, “ಹಾಗಾದರೆ ಅಲ್ಲಿಯವರಿಗೆ ಹಾಗೆಂದು ಯಾರು ಕಲಿಸಿದರು?” ಎಂದರು. ನನ್ನ ಬಾಯಿ ಕಟ್ಟಿತು.

ಆ ಮಗಳ ಹೆಸರು ಸವಿತಾ ಹಾಲಪ್ಪನವರ. ವೃತ್ತಿಯಿಂದ ದಂತವೈದ್ಯೆ, ವಯಸ್ಸು 31. ಪತಿಯೊಂದಿಗೆ ಐರ್ಲೆಂಡಿನ ಗಾಲ್ವೇ ನಗರದಲ್ಲಿ ನೆಲೆಸಿದ್ದರು. ಚೊಚ್ಚಲ ಬಸಿರಿಗೆ 17 ವಾರ. 2012ರ ಅಕ್ಟೋಬರ್ 21ರ ಭಾನುವಾರ ಬೆನ್ನುನೋವೆಂದು ಅಲ್ಲಿಯ ವಿಶ್ವವಿದ್ಯಾಲಯ ಆಸ್ಪತ್ರೆಗೆ ಹೋದರು. ಗರ್ಭಪಾತ ತಪ್ಪದೆಂಬುದು ಸ್ಪಷ್ಟವಾಯಿತು. ಅಂದು ನಡುರಾತ್ರಿ ಕಳೆದ ಮೇಲೆ ಗರ್ಭದ ನೀರು ಒಡೆಯಿತು. 17 ವಾರದ ಕೂಸು ಹೊರಗೆ ಬದುಕಲಾರದು. ಆದರೆ ಅದರ ಹೃದಯ ಬಡಿಯುತ್ತಿತ್ತು. ಮಂಗಳವಾರ ದಂಪತಿಗಳು, ಉಳಿಯದ ಬಸಿರನ್ನು ಮುಗಿಸಿಬಿಡಿ ಎಂದು ಬೇಡಿಕೊಂಡರು. ಭ್ರೂಣದ ಹೃದಯ ಬಡಿಯುತ್ತಿರುವಾಗ, ತಾಯಿಯ ಜೀವಕ್ಕೆ ಅಪಾಯ ಕಾಣದಿರುವಾಗ ಕಾನೂನು ಅನುಮತಿಸದು ಎಂಬ ಉತ್ತರ ದೊರೆಯಿತು. ‘ಕಥೋಲಿಕ ದೇಶ’ ಎಂಬ ಮಾತನ್ನು ತಾನು ಆಡಿದ್ದು ನಿಜವೆಂದು ಹೆರಿಗೆ ವಿಭಾಗದ ದಾದಿಯೊಬ್ಬರು ಮುಂದೆ ಮರಣ ವಿಚಾರಣೆಯಲ್ಲಿ ಒಪ್ಪಿಕೊಂಡರು. ನೋಯಿಸಲು ಆಡಿದ ಮಾತಲ್ಲವೆಂದೂ ಹೇಳಿದರು. ಆಕೆಯ ಮಾತನ್ನು ನಾನು ನಂಬುತ್ತೇನೆ.

ಇನ್ನು ಆ ರಾತ್ರಿಯ ವಿಷಯ. ದಾದಿಯರಾದ ನೀವು ಇದನ್ನು ಗಮನವಿಟ್ಟು ಕೇಳಬೇಕು. ಬುಧವಾರ ಬೆಳಗಿನ ಜಾವ ನಾಲ್ಕರ ಸುಮಾರಿಗೆ ಸವಿತಾ ಚಳಿಯಿಂದ ನಡುಗುತ್ತಿದ್ದರು, ಹಲ್ಲು ಕಟಕಟಿಸುತ್ತಿತ್ತು. ಒಂದು ಕಂಬಳಿ ಹೊದಿಸಿ ಪ್ಯಾರಾಸಿಟಮಾಲ್ ಕೊಟ್ಟರು. ಆರೂವರೆಯ ಹೊತ್ತಿಗೆ ಜ್ವರ 39.6 ಡಿಗ್ರಿ, ನಾಡಿ 160, ದುರ್ವಾಸನೆಯ ಸ್ರಾವ. ಆಸ್ಪತ್ರೆಗೆ ಸೇರಿದ ದಿನವೇ ತೆಗೆದ ರಕ್ತದಲ್ಲಿ ಬಿಳಿಕಣಗಳು ಏರಿದ್ದ ವರದಿಯನ್ನು ಯಾರೂ ಬೆನ್ನುಹತ್ತಿರಲಿಲ್ಲ. ಬೆಳಿಗ್ಗೆ ನೋಡಲು ಬಂದ ಹಿರಿಯ ವೈದ್ಯರಿಗೆ ದುರ್ವಾಸನೆಯ ಸಂಗತಿ ತಿಳಿದಿರಲಿಲ್ಲ. ಅಂದು ಮಧ್ಯಾಹ್ನ ಭ್ರೂಣದ ಹೃದಯ ನಿಂತು, ಅದು ತಾನಾಗಿಯೇ ಹೊರಬಂದಿತು. ಅಷ್ಟರಲ್ಲಿ ಇ. ಕೋಲೈ ರೋಗಾಣುವಿನ ನಂಜು ತಾಯಿಯ ರಕ್ತಕ್ಕೇರಿತ್ತು. ಅಕ್ಟೋಬರ್ 28ರ ಮೊದಲ ಜಾವದಲ್ಲಿ ತೀವ್ರ ನಿಗಾ ಘಟಕದಲ್ಲಿ ಆಕೆ ತೀರಿಕೊಂಡರು.

ಮೇಷ್ಟ್ರ ಪ್ರಶ್ನೆಯ ನಂತರ ನಾನು ಗುರುಮಠದ ದಿನಗಳ ನೀತಿಶಾಸ್ತ್ರದ ಟಿಪ್ಪಣಿ ಪುಸ್ತಕವನ್ನು ಹುಡುಕಿ ತೆಗೆದೆ. ಅರ್ಧ ಲತೀನು, ಅರ್ಧ ಇಂಗ್ಲಿಷು, ಗೆದ್ದಲು ಅಂಚನ್ನು ತಿಂದಿತ್ತು. ಎರಡು ಪರಿಣಾಮಗಳುಳ್ಳ ಕ್ರಿಯೆಯ ನಿಯಮ ಅಲ್ಲಿತ್ತು. ಅದರ ಬೇರು ಸಂತ ಥಾಮಸ್ ಅಕ್ವಿನಾಸರಲ್ಲಿದೆ. ಶಿಶುವನ್ನು ಕೊಲ್ಲುವುದೇ ಉದ್ದೇಶವಾದ ಕೃತ್ಯವನ್ನು ಧರ್ಮಸಭೆ ಎಂದಿಗೂ ಒಪ್ಪಿಲ್ಲ, ನಾನೂ ಒಪ್ಪುವವನಲ್ಲ. ಆದರೆ ತಾಯಿಯ ಗಂಭೀರ ರೋಗವನ್ನು ಗುಣಪಡಿಸುವ ಚಿಕಿತ್ಸೆಯಿಂದ, ಬಯಸದೆಯೂ ತಪ್ಪಿಸಲಾಗದೆಯೂ ಶಿಶುವಿನ ಮರಣ ಸಂಭವಿಸಿದರೆ ಅದು ನೇರ ಹತ್ಯೆಯಲ್ಲ. ಜಗದ್ಗುರು ಹನ್ನೆರಡನೇ ಪಯಸ್‌ರವರು 1951ರಲ್ಲಿಯೇ ಇದನ್ನು ಸ್ಪಷ್ಟಪಡಿಸಿದ್ದರು. ಅಮೆರಿಕದ ಧರ್ಮಾಧ್ಯಕ್ಷರು ಕಥೋಲಿಕ ಆಸ್ಪತ್ರೆಗಳಿಗೆ ನೀಡಿರುವ ನಿರ್ದೇಶನಗಳ 47ನೆಯ ಕಲಮಿನ ಸಾರವೂ ಇದೇ: ಶಿಶು ಹೊರಗೆ ಬದುಕಬಲ್ಲ ಹಂತದವರೆಗೆ ಮುಂದೂಡಲಾಗದ ಚಿಕಿತ್ಸೆಯನ್ನು ತಾಯಿಗೆ ಕೊಡಬಹುದು. ಸವಿತಾ ತೀರಿಕೊಂಡ ಮರುತಿಂಗಳು ಐರ್ಲೆಂಡಿನ ಧರ್ಮಾಧ್ಯಕ್ಷರು ಸಹ, ತಾಯಿಯ ಜೀವಕ್ಕಿಂತ ಗರ್ಭದ ಶಿಶುವಿನ ಜೀವವೇ ಮೇಲೆಂದು ಧರ್ಮಸಭೆ ಎಂದೂ ಬೋಧಿಸಿಲ್ಲವೆಂದು ಪ್ರಕಟಿಸಿದರು.

ಇಷ್ಟನ್ನು ಮೇಷ್ಟ್ರಿಗೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, “ಇದು ಆ ಡಾಕ್ಟರಿಗೆ ಮಂಗಳವಾರ ತಿಳಿದಿತ್ತೇ?” ಎಂದರು.

ಅಲ್ಲಿಯೇ ಗಂಟು ಇರುವುದು. ಸೋಂಕು ತಗುಲಿದ ಮೇಲೆ ಮಾಡಬೇಕಾದುದೇನೆಂಬುದು ಸ್ಪಷ್ಟ. ನೀರು ಒಡೆದಿದೆ, ಕೂಸು ಉಳಿಯದು, ಸೋಂಕು ಇನ್ನೂ ಕಾಣಿಸಿಲ್ಲ ಎಂಬ ನಡುವಿನ ಆ ಗಂಟೆಗಳಲ್ಲಿ ಏನು ಮಾಡಬಹುದೆಂಬುದರಲ್ಲಿ ನಮ್ಮ ನೀತಿಶಾಸ್ತ್ರಜ್ಞರೊಳಗೇ ಭಿನ್ನಮತವಿದೆ. ಇದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಐರ್ಲೆಂಡಿನ ಕಾನೂನಂತೂ ಇನ್ನೂ ಮಬ್ಬಾಗಿತ್ತು. 1861ರ ಕಾಯಿದೆಯ ಪ್ರಕಾರ ಗರ್ಭಪಾತಕ್ಕೆ ಜೀವಾವಧಿ ಶಿಕ್ಷೆ. 1983ರಲ್ಲಿ ಸಂವಿಧಾನಕ್ಕೆ ಎಂಟನೆಯ ತಿದ್ದುಪಡಿ ತಂದು ತಾಯಿಗೂ ಗರ್ಭಸ್ಥ ಶಿಶುವಿಗೂ ಸಮಾನವಾದ ಜೀವದ ಹಕ್ಕನ್ನು ಕೊಟ್ಟರು. 1992ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ, ತಾಯಿಯ ಜೀವಕ್ಕೆ ನೈಜವಾದ, ಗಣನೀಯವಾದ ಅಪಾಯವಿದ್ದರೆ ಮಾತ್ರ ಗರ್ಭಪಾತ ಸಮ್ಮತವೆಂದಿತು. ಆರೋಗ್ಯಕ್ಕೆ ಅಪಾಯವಾದರೆ ಸಾಲದು, ಜೀವಕ್ಕೇ ಆಗಬೇಕು. ಈ ಎರಡರ ನಡುವಿನ ಗೆರೆ ಎಲ್ಲಿ, ಅದನ್ನು ಯಾರು ಎಳೆಯಬೇಕು ಎಂಬುದನ್ನು ವಿವರಿಸುವ ಕಾಯಿದೆಯನ್ನು ಮುಂದಿನ 21 ವರ್ಷ ಯಾರೂ ಮಾಡಲಿಲ್ಲ. ಅದು ಮತ ಕಳೆದುಕೊಳ್ಳುವ ಕೆಲಸವಾಗಿತ್ತು. ರಾಜಕಾರಣಿಗಳು ಎಳೆಯದ ಗೆರೆಯನ್ನು ವಾರ್ಡಿನ ವೈದ್ಯೆ ರಾತ್ರೋರಾತ್ರಿ ಎಳೆಯಬೇಕಾಯಿತು, ಅದೂ ಜೈಲಿನ ನೆರಳಿನಲ್ಲಿ.

ಡಬ್ಲಿನ್ನಿನ ಹಿರಿಯ ಪ್ರಸೂತಿ ತಜ್ಞ ಡಾ. ಪೀಟರ್ ಬಾಯ್ಲನ್ ಅವರು 2013ರ ಏಪ್ರಿಲ್‌ನ ಮರಣ ವಿಚಾರಣೆಯಲ್ಲಿ ಇದನ್ನೇ ನುಡಿದರು. ಸೋಮವಾರ ಅಥವಾ ಮಂಗಳವಾರ ಬಸಿರನ್ನು ಮುಗಿಸಿದ್ದರೆ ಸವಿತಾ ಬಹುಮಟ್ಟಿಗೆ ಬದುಕುತ್ತಿದ್ದರು, ಆದರೆ ಆ ದಿನಗಳಲ್ಲಿ ಕಾನೂನು ಬಿಡುತ್ತಿರಲಿಲ್ಲ. ಕಾನೂನು ಬಿಡುವಷ್ಟು ಅಪಾಯ ಬಂದಾಗ ತಡವಾಗಿತ್ತು. ಇನ್ನೊಂದು ಕಡೆ, ಪ್ರೊ. ಅರುಳ್‌ಕುಮಾರನ್ ಅವರ ಅಧ್ಯಕ್ಷತೆಯ ತನಿಖಾ ಸಮಿತಿ ರೋಗಿಯನ್ನು ಸರಿಯಾಗಿ ಪರೀಕ್ಷಿಸುತ್ತಾ ಕಾವಲಿರದಿದ್ದುದನ್ನೂ, ಇದ್ದ ಮಾರ್ಗಗಳನ್ನೆಲ್ಲ ಆಕೆಯ ಮುಂದಿಡದಿದ್ದುದನ್ನೂ, ನಂಜಿನ ಚಿಕಿತ್ಸೆಯ ನಿಯಮ ಪಾಲಿಸದಿದ್ದುದನ್ನೂ ಎತ್ತಿ ತೋರಿಸಿತು. ಆರೋಗ್ಯ ಸೇವೆಯ ಗುಣಮಟ್ಟ ನೋಡುವ ಸರ್ಕಾರಿ ಪ್ರಾಧಿಕಾರವು ಕೈತಪ್ಪಿದ 13 ಅವಕಾಶಗಳನ್ನು ಎಣಿಸಿತು. ನಮ್ಮವರಲ್ಲಿ ಕೆಲವರು ಎರಡನೆಯ ಮಾತನ್ನಷ್ಟೇ ಹಿಡಿದು, ಕಾನೂನಿನದೇನೂ ತಪ್ಪಿಲ್ಲವೆಂದು ವಾದಿಸುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಹೃದಯದ ಬಡಿತ ನಿಲ್ಲುವುದನ್ನೇ ಕಾಯಬೇಕೆಂದು ಕುಳಿತವರ ಕಣ್ಣು ಆ ಬಡಿತದ ಮೇಲೆಯೇ ಇರುತ್ತದೆ; ತಾಯಿಯ ನಾಡಿ ಅವರಿಗೆ ಎರಡನೆಯದಾಗಿಬಿಡುತ್ತದೆ.

ಪೋಲೆಂಡಿನಲ್ಲಿಯೂ 2021ರ ಸೆಪ್ಟೆಂಬರ್‌ನಲ್ಲಿ ಹೀಗೆಯೇ ಆಯಿತು. 22ನೆಯ ವಾರದಲ್ಲಿ ನೀರು ಒಡೆದ 30 ವರ್ಷದ ತಾಯಿಯೊಬ್ಬಳು ಪ್ಶ್ಚಿನಾ ಊರಿನ ಆಸ್ಪತ್ರೆಯಲ್ಲಿ ನಂಜೇರಿ ತೀರಿಕೊಂಡಳು. ಅದೂ ನಮ್ಮವರದೇ ದೇಶ.

ಐರ್ಲೆಂಡು 2018ರ ಮೇ 25ರಂದು ಶೇಕಡಾ 66.4 ಮತಗಳಿಂದ ಎಂಟನೆಯ ತಿದ್ದುಪಡಿಯನ್ನು ತೆಗೆದುಹಾಕಿತು. 2019ರ ಜನವರಿಯಿಂದ ಅಲ್ಲಿ, ಮೊದಲ 12 ವಾರಗಳಲ್ಲಿ ಕಾರಣ ಹೇಳದೆಯೂ ಗರ್ಭಪಾತ ಮಾಡಿಸಿಕೊಳ್ಳಬಹುದು. ಇದು ನನಗೆ ದುಃಖದ ಸಂಗತಿ. ಆದರೆ ಆ ಮತದಾನದ ದಿನಗಳಲ್ಲಿ ಡಬ್ಲಿನ್ನಿನ ಗೋಡೆಯ ಮೇಲೆ ಜನ ಬರೆದದ್ದು ನಮ್ಮ ಬೆಳಗಾವಿಯ ಹುಡುಗಿಯ ಚಿತ್ರವನ್ನು, ಸುತ್ತಲೂ ಅಂಟಿಸಿದ್ದು ಕ್ಷಮಿಸು ಎಂಬರ್ಥದ ಚೀಟಿಗಳನ್ನು. ಆ ಗೋಡೆಯನ್ನು ನೆನೆದಾಗ ನನ್ನ ದುಃಖದ ಬಗ್ಗೆ ದೊಡ್ಡದಾಗಿ ಮಾತನಾಡಲು ಸಂಕೋಚವಾಗುತ್ತದೆ.

ನಮ್ಮ ದೇಶದಲ್ಲಿ 1971ರ ಕಾಯಿದೆ ಬೇರೆ ರೀತಿಯದು. ತಾಯಿಯ ಪ್ರಾಣ ಉಳಿಸಲು ತಕ್ಷಣ ಅಗತ್ಯವಾದಾಗ ವಾರಗಳ ಮಿತಿಯಾಗಲಿ, ಎರಡನೆಯ ವೈದ್ಯರ ಅಭಿಪ್ರಾಯವಾಗಲಿ ಅಡ್ಡಬರುವುದಿಲ್ಲ. ಆದರೂ ನಮ್ಮ ಕಥೋಲಿಕ ಆಸ್ಪತ್ರೆಗಳ ವೈದ್ಯರು ಒಂದು ವಿಷಯವನ್ನು ಇಂದೇ ಇತ್ಯರ್ಥ ಮಾಡಿಕೊಳ್ಳಬೇಕು. ನಿಮ್ಮ ಮನಸ್ಸಾಕ್ಷಿ ಒಪ್ಪದ ಚಿಕಿತ್ಸೆಯನ್ನು ನೀವು ಕೈಯಾರೆ ಮಾಡಬೇಕಾಗಿಲ್ಲ. ಆದರೆ ಆಕೆಗೆ ಇರುವ ಅಪಾಯವನ್ನೂ ಮಾರ್ಗಗಳನ್ನೂ ಮುಚ್ಚಿಡುವ ಹಕ್ಕು ನಿಮಗಿಲ್ಲ. ಬೇರೆಡೆಗೆ ಹೋಗುವಷ್ಟು ಚೈತನ್ಯ ಆಕೆಯಲ್ಲಿರುವಾಗಲೇ ಹೇಳಬೇಕು. ಆಕೆ ಯಾವ ಧರ್ಮದವಳಾದರೂ ಸರಿ. ಇನ್ನು ರಾತ್ರಿಪಾಳಿಯ ದಾದಿಗೆ ಹೇಳುವುದಿಷ್ಟೆ: ನೀರು ಒಡೆದ ಬಸುರಿ ನಡುಗಿದರೆ ಕಂಬಳಿ ಹೊದಿಸು, ಜೊತೆಗೆ ನಾಡಿ ನೋಡು, ಬರೆದಿಡು, ದೊಡ್ಡ ಡಾಕ್ಟರನ್ನು ನಿದ್ದೆಯಿಂದ ಎಬ್ಬಿಸು. ಬೈದರೆ ಬೈಸಿಕೋ.

ಧರ್ಮದ ಪ್ರಶ್ನೆ ಎದ್ದರೆ ನನ್ನನ್ನೂ ಎಬ್ಬಿಸಬಹುದು. ಗುರುನಿವಾಸದ ದೂರವಾಣಿ ಈಗ ನನ್ನ ಮಂಚದ ಪಕ್ಕದಲ್ಲೇ ಇದೆ. ಮೇಷ್ಟ್ರು ಈಗಿಲ್ಲ, ಅವರ ಮೊಮ್ಮಗಳು ಹುಬ್ಬಳ್ಳಿಯಲ್ಲಿ ಪ್ರಸೂತಿಶಾಸ್ತ್ರ ಓದುತ್ತಿದ್ದಾಳೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ಚಹಾದ ನಂತರ ಪ್ರಶ್ನೆಗಳಿಗೆ ಸಮಯವಿಟ್ಟಿದ್ದಾರೆ. ಮೊದಲ ಪ್ರಶ್ನೆ ಅವಳದೇ ಎಂದು ಈಗಾಗಲೇ ಎಚ್ಚರಿಸಿದ್ದಾಳೆ.